ಬೋಲ್ಟಿಗೊಂದು ಬೊಟ್ಟು

ನಮ್ಮ ಮನೆಯವರಿಗೆ ಕಾರಿನ ವಿಷಯದಲ್ಲಿ ಗೊತ್ತಿಲ್ಲದ್ದು ಯಾವುದೂ ಇಲ್ಲ. ಪೆನುಕೊಂಡದ ಹತ್ತಿರದ ದೊಡ್ಡ ಕಾರು ಫ್ಯಾಕ್ಟರಿಯಲ್ಲಿ ಅವರಿಗೆ ಕೆಲಸ. ಅಲ್ಲಿ ಅವರು ನೋಡಿಕೊಳ್ಳುವುದು ಕ್ಯಾಂಟೀನನ್ನು. ಸಾಂಬಾರಿಗೆ ಉಪ್ಪು ಬಿದ್ದಿದೆಯೇ, ಮೊಸರು ಹುಳಿಯಾಗಿದೆಯೇ ಎಂದು ನೋಡುವ ಮನುಷ್ಯ, ಗೋಡೆಯ ಆಚೆ ಕಾರು ತಯಾರಾಗುತ್ತದೆ ಎಂಬ ಒಂದೇ ಕಾರಣಕ್ಕೆ ಹಿಂದೂಪುರದ ನಮ್ಮ ಬೀದಿಗೆಲ್ಲ ಎಂಜಿನಿಯರ್ ಆಗಿಬಿಟ್ಟಿದ್ದಾರೆ. ಯಾರ ಸ್ಕೂಟರ್ ನಿಂತರೂ ನಾಗರಾಜು ಬರಬೇಕು. ಬಂದು ಸೊಂಟದ ಮೇಲೆ ಕೈಯಿಟ್ಟು, "ಇದು ವೈರಿಂಗು" ಎನ್ನುತ್ತಾರೆ. ಪಂಕ್ಚರ್ ಆದ ಗಾಡಿಗೂ ಒಮ್ಮೆ ಹಾಗೇ ಅಂದಿದ್ದರು.

ಕೊನೆಗೊಂದು ದಿನ ನಮ್ಮ ಮನೆಯ ಕಾರಿನದೇ ವೈರಿಂಗು ಕೆಟ್ಟಿತು. ಇವರು ನೋಡಿ, ಬ್ಯಾಟರಿ ಅಂದರು.

ಕಾರು ಅಂದರೆ ಈಗಿನದಲ್ಲ. ನಮ್ಮ ಮಾವ ಆಂಜನಪ್ಪನವರ ಕಾಲದ ಕೆನೆ ಬಣ್ಣದ ಅಂಬಾಸಿಡರ್. ನಮ್ಮದು ನೇಯ್ಗೆಯ ಮನೆ. ಮಾವ ಡಿಕ್ಕಿಯ ತುಂಬ ರೇಷ್ಮೆ ಸೀರೆ ಹಾಕಿಕೊಂಡು ಕಲ್ಯಾಣದುರ್ಗದವರೆಗೆ ವ್ಯಾಪಾರಕ್ಕೆ ಹೋಗುತ್ತಿದ್ದರು. ಹಾಗೆ ಹೋದಾಗಲೇ ಕಲ್ಯಾಣದುರ್ಗದಿಂದ ಒಬ್ಬ ಹೆಂಡತಿಯನ್ನೂ ತಂದರು. ಆಕೆಯೇ ನಮ್ಮತ್ತೆ ಪದ್ಮಾವತಮ್ಮ. ಈಗಲೂ ಡಿಕ್ಕಿ ತೆಗೆದರೆ ಹೊಸ ಸೀರೆಯ ವಾಸನೆ ಬರುತ್ತದೆ ಎಂದು ಅತ್ತೆ ಹೇಳುತ್ತಾರೆ. ನನಗೆ ಇಲಿಯ ವಾಸನೆ ಬರುತ್ತದೆ. ಇರಲಿ, ಮೂಗು ಅವರವರದು.

ಪ್ರತಿ ವರ್ಷ ಆಯುಧಪೂಜೆಯ ಮಾರನೆಯ ದಿನ ಗಂಡ ಹೆಂಡತಿ ಆ ಕಾರಿನಲ್ಲೇ ಕಲ್ಯಾಣದುರ್ಗಕ್ಕೆ ಹೋಗಿ, ಅತ್ತೆಯ ಅಕ್ಕ ಸಣ್ಣಕ್ಕನವರ ಮನೆಯಲ್ಲಿ ಊಟ ಮಾಡಿಕೊಂಡು ಸಂಜೆಗೆ ಹೊರಟು ಬರುತ್ತಿದ್ದರು. ಮಾವ ತೀರಿಹೋದ ಮೇಲೆ ನಮ್ಮ ಮನೆಯವರು ಓಡಿಸಿದರು. ಆದರೆ ಮಾವ ಇರುವವರೆಗೆ ಒಂದು ದಿನವೂ ತಕರಾರು ಮಾಡದ ಹೆಡ್‌ಲೈಟು ಆ ವರ್ಷದಿಂದಲೇ ಮಂಕಾಗತೊಡಗಿತು. ಮೊದಲು ಹಳದಿಯಾಯಿತು. ಆಮೇಲೆ ಬೀಡಿಯ ತುದಿಯಷ್ಟು ಕೆಂಪಗಾಯಿತು. ಕೊನೆಕೊನೆಗೆ ಬಲಗಡೆ ಇಂಡಿಕೇಟರ್ ಹಾಕಿದರೆ ಎಡಗಡೆ ಹೆಡ್‌ಲೈಟು ಕಣ್ಣು ಮಿಟುಕಿಸುವುದು, ಹೆಡ್‌ಲೈಟ್ ಹಾಕಿದರೆ ಇಂಡಿಕೇಟರ್ ಸಣ್ಣಗೆ ಉರಿಯುವುದು, ಹೀಗೆಲ್ಲ ಶುರುವಾಯಿತು. ಹೋದ ವರ್ಷ ಕತ್ತಲಲ್ಲಿ ವಾಪಸು ಬರುವ ಧೈರ್ಯವಿಲ್ಲದೆ ಪ್ರಯಾಣವೇ ನಿಂತಿತು. ಬಸ್ಸಿಗೆ ಅತ್ತೆ ಒಪ್ಪಲಿಲ್ಲ.

"ಯಜಮಾನ್ರು ಹೋದ ದುಕ್ಕ ಕಣಮ್ಮ ಅದಕ್ಕೆ" ಎಂದರು ಅತ್ತೆ. ಬೀದಿಯವರೆಲ್ಲ ಹೌದೌದು ಅಂದರು. ದುಃಖಕ್ಕೆ ಹೊಸ ಬಲ್ಬು ಹಾಕಿ ನೋಡೋಣ ಎಂದು ನಮ್ಮ ಮನೆಯವರು ಎಲೆಕ್ಟ್ರಿಷಿಯನ್ ಸುರೇಂದ್ರನನ್ನು ಕರೆಸಿದರು.

ಸುರೇಂದ್ರ ಒಳ್ಳೆಯವನು. ಬಸ್ ಸ್ಟ್ಯಾಂಡಿನ ಹಿಂದೆ ಅವನ ಅಂಗಡಿ. ಅವನ ಪದ್ಧತಿ ಏನೆಂದರೆ, ಯಾವುದು ಕೆಟ್ಟಿದೆ ಎಂದು ಹುಡುಕುವ ಗೋಜಿಗೆ ಹೋಗುವುದಿಲ್ಲ. ಒಂದೊಂದಾಗಿ ಎಲ್ಲ ಬದಲಾಯಿಸಿದರೆ ಕೆಟ್ಟದ್ದೂ ಅದರಲ್ಲಿ ಹೋಗೇ ಹೋಗುತ್ತದೆ. ಮೊದಲು ಬಲ್ಬು ಹೋಯಿತು. ಆಮೇಲೆ ಸ್ವಿಚ್ಚು. ಆಮೇಲೆ ಕಾಲಿನಿಂದ ಒತ್ತುವ ಡಿಮ್-ಡಿಪ್ ಬಟನ್ನು. ಆಮೇಲೆ ಹಿಂದೆಂದೂ ಇಲ್ಲದಿದ್ದ ಒಂದು ರಿಲೇ ಬಂದು ಕೂತಿತು. ಪ್ರತಿ ಸಲವೂ ಅವನು ಬಂದು ಬಾನೆಟ್ ಎತ್ತುತ್ತಿದ್ದ, ಚಪ್ಪಲಿ ಪಕ್ಕಕ್ಕೆ ಬಿಡುತ್ತಿದ್ದ, ರೇಡಿಯೇಟರಿನ ಪಕ್ಕದಲ್ಲಿದ್ದ ಅರಿಶಿನ ಕುಂಕುಮದ ಗಡ್ಡೆಯನ್ನು ಬೆರಳಲ್ಲಿ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ. ನಮ್ಮ ಮನೆಯವರೂ ಒತ್ತಿಕೊಳ್ಳುತ್ತಿದ್ದರು. ಆಮೇಲೆ ಇಬ್ಬರೂ ಸೇರಿ ಬೇರೆ ಕಡೆ ಹುಡುಕುತ್ತಿದ್ದರು.

ಆ ಗಡ್ಡೆಯ ಕತೆ ನಮ್ಮ ಮನೆಯ ಬೆಕ್ಕಿಗೂ ಗೊತ್ತು. ಅತ್ತೆ ಚೊಚ್ಚಲ ಬಸುರಿ. ಮಾವ ಅವರನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ತವರಿಗೆ ಬಿಡಲು ಹೊರಟಿದ್ದರು. ಪಾವಗಡ ದಾಟಿ ಕಂಬದೂರಿನ ಕಡೆ ಹೋಗುವಾಗ ಹೊತ್ತು ಮುಳುಗಿತು, ನೋವೂ ಶುರುವಾಯಿತು, ಆಗಲೇ ಲೈಟು ಕೈಕೊಟ್ಟಿತು. ಸುತ್ತ ಒಂದು ನರಪಿಳ್ಳೆಯಿಲ್ಲ. ಮಾವ ಇಳಿದು ಬಾನೆಟ್ ಎತ್ತಿ ಒಂದು ಬೋಲ್ಟಿಗೆ ಅದೇನೋ ಮಾಡಿದರು. ಲೈಟು ಹತ್ತಿತು. ಕಲ್ಯಾಣದುರ್ಗದ ಆಸ್ಪತ್ರೆ ಸೇರಿದ ಸ್ವಲ್ಪ ಹೊತ್ತಿಗೆ ನಮ್ಮ ಮನೆಯವರು ಹುಟ್ಟಿದರು. ಆ ಬೋಲ್ಟು ಮಾಡಿದ್ದು ಉಪಕಾರವೋ ಅಪಕಾರವೋ ಅನ್ನುವುದನ್ನು ಅವರನ್ನು ಕಟ್ಟಿಕೊಂಡ ನಾನು ಹೇಳಬಾರದು.

ಅವತ್ತಿನಿಂದ ಅತ್ತೆಗೆ ಆ ಬೋಲ್ಟೇ ದೇವರು. ಅಮಾವಾಸ್ಯೆಗೊಮ್ಮೆ, ಆಯುಧಪೂಜೆಗೊಮ್ಮೆ ಅದಕ್ಕೆ ಒಂದು ತೊಟ್ಟು ಎಣ್ಣೆ, ಅರಿಶಿನ, ಕುಂಕುಮ. ಜನ ಸ್ಟೀರಿಂಗಿಗೆ ಬೊಟ್ಟಿಡುತ್ತಾರೆ, ಟಯರಿನ ಕೆಳಗೆ ನಿಂಬೆಹಣ್ಣಿಡುತ್ತಾರೆ. ನಮ್ಮತ್ತೆ ಸೆರಗು ಕಟ್ಟಿಕೊಂಡು ರೇಡಿಯೇಟರಿನ ಪಕ್ಕ ಬಗ್ಗುತ್ತಾರೆ. ಮಾವನಿಗೆ ದೇವರ ವಿಷಯ ಅಷ್ಟಕ್ಕಷ್ಟೆ. ಗುಡಿಗೆ ಹೋದರೂ ಚಪ್ಪಲಿ ಕಾಯುತ್ತ ಹೊರಗೇ ನಿಲ್ಲುತ್ತಿದ್ದ ಮನುಷ್ಯ. ಆದರೂ ಹೆಂಡತಿ ಬಗ್ಗಿದಾಗ ಬಾನೆಟ್ಟನ್ನು ತಾವೇ ಎತ್ತಿ ಹಿಡಿದುಕೊಳ್ಳುತ್ತಿದ್ದರು. ಒಂದು ಮಾತೂ ಆಡುತ್ತಿರಲಿಲ್ಲ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅಲ್ಲಿ ಬರೀ ಒಂದು ಬೊಟ್ಟಿದ್ದ ನೆನಪು. ಈಗ ನಿಂಬೆಹಣ್ಣಿನ ಗಾತ್ರ ಬೆಳೆದಿತ್ತು. ಭಕ್ತಿ ಬೆಳೆದಿದೆ ಅಂದುಕೊಂಡು ನಾನೂ ಸುಮ್ಮನಿದ್ದೆ.

ಇಷ್ಟರಲ್ಲಿ ರವಿತೇಜ ವಕ್ಕರಿಸಿದ. ಕೊಡಿಕೊಂಡ ಚೆಕ್‌ಪೋಸ್ಟಿನ ಹತ್ತಿರ ಹೈವೇಯಲ್ಲಿ ಅವನದೊಂದು ಢಾಬಾ. ಬೆಂಗಳೂರಿನವರು ಬಂದು ಬಿರಿಯಾನಿಗಿಂತ ಮೊದಲು ಫೋಟೊ ತೆಗೆದುಕೊಳ್ಳುತ್ತಾರಂತೆ. ಅದಕ್ಕೆ ಬಾಗಿಲಲ್ಲಿ ಒಂದು ಹಳೇ ಕಾರು ನಿಲ್ಲಿಸಬೇಕಂತೆ. ಸೀಟು ಕಿತ್ತು ಒಳಗೆ ಹೂವಿನ ಕುಂಡ ಇಡುತ್ತಾನಂತೆ.

"ಲೈಟು ಹತ್ತದಿದ್ರೂ ಪರ್ವಾಗಿಲ್ಲ ಅಣ್ಣಾ, ನಾವೇ ಸೀರಿಯಲ್ ಸೆಟ್ ಹಾಕ್ತೀವಿ" ಅಂದ.

ನಮ್ಮ ಮನೆಯವರಿಗೆ ಇದು ಬಹಳ ಗೌರವದ ವ್ಯವಸ್ಥೆ ಅನ್ನಿಸಿತು. ಅಪ್ಪನ ಕಾರನ್ನು ಗುಜರಿಗೆ ಹಾಕಿದರು ಎಂದು ಯಾರೂ ಅನ್ನುವ ಹಾಗಿಲ್ಲ. ಬಿರಿಯಾನಿ ತಿನ್ನುವವರೆಲ್ಲ ದಿನವೂ ನೋಡುತ್ತಾರೆ. ಆದರೂ ತಾಯಿಯ ಮುಖ ನೋಡಿ ಒಂದು ಗಡುವು ಕೊಟ್ಟರು. "ಭಾನುವಾರದೊಳಗೆ ಲೈಟು ಸರಿಯಾದ್ರೆ ಕಾರು ಮನೇಲಿರ್ಲಿ, ಈ ದಸರಾಕ್ಕೆ ಕಲ್ಯಾಣದುರ್ಗಕ್ಕೂ ಹೋಗಣ. ಇಲ್ದಿದ್ರೆ ಸೋಮವಾರ ರವಿತೇಜ ಬಂದು ಎಳ್ಕೊಂಡು ಹೋಯ್ತಾನೆ."

ಅತ್ತೆ ಹುರುಳಿಕಾಯಿ ಸೋಸುತ್ತಿದ್ದರು. ತಲೆ ಎತ್ತಲಿಲ್ಲ. "ಆ ಕಾರಿಲ್ದೆ ನಾನು ತೌರಿಗೆ ಹೋಗಾಕಿಲ್ಲ ಕಣ್ಲಾ ನಾಗ್ರಾಜ. ಅಕ್ಕಂಗೆ ಫೋನ್ ಮಾಡಿ ಹೇಳ್ಬುಡು, ಇನ್ನು ಪದ್ಮ ಬರಾಕಿಲ್ಲ ಅಂತ" ಎಂದರು. ಅಷ್ಟೆ. ಆಮೇಲೆ ಸೋಸಿದ ಕಾಯಿಯನ್ನು ನಾರಿನ ಜೊತೆ ಹಾಕಿ, ನಾರನ್ನು ಪಾತ್ರೆಗೆ ಹಾಕಿದರು. ನಾನು ಅದನ್ನು ನೋಡಿದೆ. ನನಗೆ ಆ ಕಾರಿನ ಮೇಲೆ ಯಾವ ಪ್ರೀತಿಯೂ ಇರಲಿಲ್ಲ. ಆದರೂ ಅವತ್ತು ಊಟಕ್ಕೆ ಕೂತ ಗಂಡನಿಗೆ ಸಾರು ಬಡಿಸದೆ ಪಾತ್ರೆಯನ್ನು ದೂರ ಇಟ್ಟೆ. ಬೇಕಾದರೆ ಎದ್ದು ಬಡಿಸಿಕೊಳ್ಳಲಿ, ಕ್ಯಾಂಟೀನಿನವರು ತಾನೇ.

ಭಾನುವಾರ ಬೆಳಿಗ್ಗೆಯೇ ಶೆಡ್ಡಿನಲ್ಲಿ ಕೆಲಸ ಶುರುವಾಯಿತು. ನಮ್ಮ ಮನೆಯವರು ಹಿಂದಿನ ದಿನ ಫೋನಿನಲ್ಲಿ ಒಬ್ಬ ಗಡ್ಡದ ಬಿಳಿ ದೊರೆಯ ವಿಡಿಯೊ ನೋಡಿ ತಯಾರಾಗಿದ್ದರು. ಆ ದೊರೆ ಶುರುವಿನಲ್ಲೇ, ಹಳೇ ಗಾಡಿಯ ಲೈಟು ಮಂಕಾದರೆ ಮೊದಲು ಅರ್ತಿಂಗ್ ನೋಡಿ ಎಂದಿದ್ದನಂತೆ. ಇವರು ಆ ಭಾಗವನ್ನು ಜಾಹೀರಾತು ಅಂದುಕೊಂಡು ಮುಂದೆ ಓಡಿಸಿದ್ದರು. ಇದು ನನಗೆ ಆಮೇಲೆ ತಿಳಿಯಿತು.

ಸುರೇಂದ್ರ ಹೊಸ ಫ್ಯೂಸ್ ಹಾಕಿದ. ಲೈಟು ಮಂಕು. ಬ್ಯಾಟರಿ ಬದಲಾಯಿಸಿದ. ಮಂಕು. ನಮ್ಮ ಮನೆಯವರು ಹಾರನ್ ಒತ್ತಿ ನೋಡಿದರು. ಯಾಕೆ ಎಂದು ಕೇಳಿದೆ. "ಟೆಸ್ಟಿಂಗ್" ಅಂದರು. ಪಕ್ಕದ ಮನೆಯ ಮುನೆಮ್ಮ ಇಣುಕಿ, ದೃಷ್ಟಿಗೆ ನಿಂಬೆಹಣ್ಣು ಇಳಿ ತೆಗೆದಿರಾ ಎಂದು ಕೇಳಿ ಹೋದರು. ಅವರೊಬ್ಬರು ಬಾಕಿ ಇದ್ದರು.

ಮಧ್ಯಾಹ್ನವಾಯಿತು. ನನಗೆ ತಡೆಯಲಾಗಲಿಲ್ಲ. "ಸುರೇಂದ್ರ, ಈ ಕಾರಲ್ಲಿ ನೀನು ಬದಲಾಯಿಸದೆ ಇರೋದು ಇನ್ನೇನಾದ್ರೂ ಉಳಿದೈತಾ? ಉಳಿದಿದ್ರೆ ತಪ್ಪು ಅಲ್ಲೇ ಇರ್ಬೇಕಲ್ವಾ?" ಎಂದೆ.

ಅವನು ಮುಖ ಸಣ್ಣಗೆ ಮಾಡಿಕೊಂಡ. "ಏಮಕ್ಕಾ ಅಟ್ಲಂಟಾರು", ಏನಕ್ಕಾ ಹಾಗಂತೀರಿ ಎಂದು ತೆಲುಗಿನಲ್ಲಿ ಗೊಣಗಿ, ರೋಷಕ್ಕೋ ಏನೋ ಒಂದು ಉದ್ದದ ವೈರು ತೆಗೆದುಕೊಂಡು, ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ ಸುತ್ತಿ, ಇನ್ನೊಂದು ತುದಿಯನ್ನು ಹೆಡ್‌ಲೈಟಿನ ಹಿಂದಿನ ಕಪ್ಪು ವೈರಿಗೆ ಮುಟ್ಟಿಸಿದ. ಎದುರಿನ ಗೋಡೆಯ ಮೇಲೆ ಬೆಳಕು ರಪ್ಪನೆ ಬಿತ್ತು. ಕಣ್ಣಿಗೆ ಚುಚ್ಚುವಷ್ಟು ಬಿಳಿ. ವೈರು ತೆಗೆದ, ಮತ್ತೆ ಬೀಡಿಯ ತುದಿ.

"ಅರ್ತಿಂಗ್ ಹೋಗೈತೆ ಅಣ್ಣ. ಲೈಟಿಗೆ ಕರೆಂಟು ಹೋಗೋದು ಹೋಯ್ತೈತೆ, ವಾಪಸು ಬರಕ್ಕೆ ದಾರಿ ಇಲ್ಲ. ಅದಕ್ಕೇ ಇಂಡಿಕೇಟರ್ ವೈರಲ್ಲೆಲ್ಲ ನುಗ್ಗೈತೆ" ಎಂದ ಸುರೇಂದ್ರ.

"ನಾನು ಹೇಳಿರ್ಲಿಲ್ವಾ" ಎಂದರು ನಮ್ಮ ಮನೆಯವರು. ಅವರು ಹೇಳಿರಲಿಲ್ಲ.

ವಾಪಸು ಬರುವ ಕಪ್ಪು ವೈರುಗಳೆಲ್ಲ ಸೇರಿ ಕಾರಿನ ಮೈಗೆ ಒಂದು ಬೋಲ್ಟಿನಲ್ಲಿ ಬಿಗಿದಿರುತ್ತವಂತೆ. ಆ ಬೋಲ್ಟು ಎಲ್ಲಿ? ಸುರೇಂದ್ರ ಬೆರಳಿನಿಂದ ವೈರನ್ನು ಹಿಡಿದು ಹೊರಟ. ಬೆರಳು ರೇಡಿಯೇಟರಿನ ಪಕ್ಕ ಬಂತು. ಅರಿಶಿನ ಕುಂಕುಮದ ಗಡ್ಡೆಯ ಹತ್ತಿರ ಬಂತು. ನಿಂತಿತು. ವೈರುಗಳು ಒಳಗೆ ಹೋಗಿದ್ದವು.

ಮೂವರೂ ಅದನ್ನೇ ನೋಡುತ್ತ ನಿಂತೆವು. ಬಲ್ಬು, ಸ್ವಿಚ್ಚು, ಬಟನ್ನು, ರಿಲೇ, ಫ್ಯೂಸು, ಬ್ಯಾಟರಿ. ಇಷ್ಟೂ ದಿನ ಇವರು ತಪ್ಪನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಆಮೇಲೆ ಹುಡುಕಲು ಹೋಗುತ್ತಿದ್ದರು. ನನಗೆ ನಗು ಬಂತು. ಆದರೆ ಅದರ ಹಿಂದೆಯೇ, ಇದನ್ನು ಅತ್ತೆಗೆ ಹೇಳುವವರು ಯಾರು ಎಂಬ ಯೋಚನೆಯೂ ಬಂತು.

"ದೇವ್ರಿರೋ ಜಾಗ ಅಂತ ನಾನು ಕೈ ಹಾಕ್ಲಿಲ್ಲ ಅಕ್ಕ" ಎಂದ ಸುರೇಂದ್ರ.

"ನೀನೇ ಹೇಳು ಅಮ್ಮಂಗೆ" ಎಂದು ನಮ್ಮ ಮನೆಯವರು ನನ್ನ ಕಡೆ ತಿರುಗಿದರು. "ಸೊಸೆ ಹೇಳಿದ್ರೆ ಅಮ್ಮ ಬೇಜಾರು ಮಾಡ್ಕಳಲ್ಲ."

ಸೊಸೆಯ ಮಾತಿಗೆ ಬೇಜಾರು ಮಾಡಿಕೊಳ್ಳದ ಅತ್ತೆಯನ್ನು ಇವರು ಯಾವ ಊರಲ್ಲಿ ಕಂಡಿದ್ದರೋ. ನಿಮ್ಮನ್ನು ಹುಟ್ಟಿಸಿದ ಬೋಲ್ಟು, ನೀವೇ ಹೇಳಿ ಎಂದೆ. ಅವರು ಟಯರಿನ ಗಾಳಿ ನೋಡಲು ಹೋದರು.

ಕೊನೆಗೆ ಸುರೇಂದ್ರನೇ ಒಂದು ಉಪಾಯ ಹೇಳಿದ. "ಹೇಳೋದೇ ಬ್ಯಾಡ ಬಿಡಿ. ದೇವ್ರು ಅಲ್ಲೇ ಇರ್ಲಿ. ವೈರನ್ನ ಈಚೆ ಕತ್ತರಿಸಿ ಬೇರೆ ಬೋಲ್ಟಿಗೆ ಕಟ್ಬುಡ್ತೀನಿ. ಅಲ್ಲಿ ಬಣ್ಣ ಕೆರೀಬೇಕು, ಒಂಚೂರು ಉಪ್ಪುಕಾಗದ ಇದ್ರೆ ಕೊಡಿ." ನಮ್ಮ ಮನೆಯವರ ಮುಖಕ್ಕೆ ಜೀವ ಬಂತು. ಹೆದರಿಕೆಗೆ ಇಷ್ಟು ಚೆನ್ನಾದ ದಾರಿ ಸಿಕ್ಕಾಗ ಯಾರಿಗೆ ಬೇಡ?

ಡ್ರೈವರ್ ಸೀಟಿನ ಕೆಳಗೆ ಮಾವನ ಬಿಸ್ಕತ್ತಿನ ಡಬ್ಬಿಯೊಂದಿತ್ತು. ಅವರ ಸ್ಪ್ಯಾನರು, ಇಕ್ಕಳ ಎಲ್ಲ ಅದರಲ್ಲೇ. ಅವರು ಹೋದ ಮೇಲೆ ಅದನ್ನು ಯಾರೂ ತೆಗೆದಿರಲಿಲ್ಲ. ಸುರೇಂದ್ರನಿಗೆ ಅವನದೇ ಸಾಮಾನು, ನಮ್ಮ ಮನೆಯವರಿಗೆ ಫೋನೇ ಸಾಮಾನು. ನಾನು ಮುಚ್ಚಳ ಕಿತ್ತೆ. ಉಪ್ಪುಕಾಗದ ಇತ್ತು. ಒಂದಲ್ಲ, ಒಂದು ಹಿಡಿ. ಸಣ್ಣಗೆ ಮಡಚಿದ ಚೂರುಗಳು, ಸವೆದು ನುಣ್ಣಗಾದವು. ಬಿಡಿಸಿದರೆ ಒಂದೊಂದರ ಮೈಯಲ್ಲೂ ಕೆಂಪು, ಹಳದಿ. ಕುಂಕುಮ, ಅರಿಶಿನ.

ನನಗೆ ಒಂದು ಕ್ಷಣ ಏನೂ ತೋಚಲಿಲ್ಲ. ಆಮೇಲೆ ಎಲ್ಲ ಒಟ್ಟಿಗೇ ತೋಚಿತು. ಅತ್ತೆ ಬೊಟ್ಟಿಡುವಾಗ ಬಾನೆಟ್ ಹಿಡಿದುಕೊಂಡು ಸುಮ್ಮನೆ ನಿಲ್ಲುತ್ತಿದ್ದ ಮಾವ, ಅತ್ತೆ ಒಳಗೆ ಹೋದ ಮೇಲೆ ಮಾಡುತ್ತಿದ್ದುದು ಇದನ್ನು. ಅಮಾವಾಸ್ಯೆಗೊಮ್ಮೆ, ಆಯುಧಪೂಜೆಗೊಮ್ಮೆ, ಆ ಬೋಲ್ಟು ಬಿಚ್ಚಿ ಉಜ್ಜಿ ಬಿಗಿಯುತ್ತಿದ್ದರು. ಲೈಟು ಕೆಟ್ಟಿದ್ದು ದುಃಖಕ್ಕಲ್ಲ. ಉಜ್ಜುವ ಕೈ ಹೋಗಿತ್ತು.

"ಏನಮ್ಮ ಅದು?"

ಅತ್ತೆ ಮಜ್ಜಿಗೆಯ ಲೋಟಗಳನ್ನು ಹಿಡಿದುಕೊಂಡು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು. ನನ್ನ ಕೈಯಲ್ಲಿದ್ದುದನ್ನು ಮುಚ್ಚಿಡಬಹುದಿತ್ತು. ಈ ಮನೆಯಲ್ಲಿ ಮುಚ್ಚಿಟ್ಟದ್ದು ಸಾಕು ಅನ್ನಿಸಿತು ನನಗೆ. ಡಬ್ಬಿಯನ್ನು ಅವರ ಮುಂದೆ ಹಿಡಿದೆ. ಲೈಟು ಏಕೆ ಹೋಗಿದೆ ಎಂದು ಹೇಳಿದೆ. ಬೋಲ್ಟಿನ ಮೇಲೆ ಎಣ್ಣೆ, ಅರಿಶಿನ ಕೂತರೆ ಕರೆಂಟು ದಾಟುವುದಿಲ್ಲ ಎಂದು ಹೇಳಿದೆ. ಮಾವ ಉಜ್ಜುತ್ತಿದ್ದರು ಎಂದೂ ಹೇಳಿದೆ.

ಅತ್ತೆ ಲೋಟಗಳನ್ನು ಮಡ್‌ಗಾರ್ಡಿನ ಮೇಲಿಟ್ಟು ಒಂದು ಚೂರು ಕಾಗದ ಎತ್ತಿಕೊಂಡರು.

"ಅವ್ರು ಅಳಿಸ್ತಾರೆ ಅನ್ನೋದು ನಂಗೆ ಗೊತ್ತಿತ್ತು ಕಣಮ್ಮ" ಎಂದರು. "ಮಾರನೇ ದಿನ ನೋಡಿದ್ರೆ ಬೊಟ್ಟು ಇರ್ತಿರ್ಲಿಲ್ಲ. ದೇವ್ರು ಅಂದ್ರೆ ಆಗ್ದೋರು, ನಾನಿಟ್ಟಿದ್ದು ಅಂತ ಬೇಕಂತ್ಲೇ ಅಳಿಸಾಕ್ತಾರೆ ಅನ್ಕೊಂಡೆ. ನನ್ನ ಮಗನ್ನ ಉಳಿಸಿದ್ದಕ್ಕೆ ಒಂದು ಬೊಟ್ಟು ಇಡೋದೂ ಇವ್ರಿಗೆ ತಡ್ಯಕ್ಕಾಗಲ್ವಲ್ಲ ಅಂತ ಒಳಗೊಳಗೇ ಕುದ್ದೆ. ನಾನೂ ಬಿಡ್ಲಿಲ್ಲ. ಅವ್ರು ಅಳಿಸಿದಂಗೆಲ್ಲ ಇಟ್ಟೆ."

"ಯಾಕೆ ಅಳಿಸ್ತೀರಿ ಅಂತ ಕೇಳ್ಲಿಲ್ವಾ ಅತ್ತೆ?"

"ಅವ್ರು ಹೇಳ್ಲಿಲ್ಲ. ನಾನು ಕೇಳ್ಲಿಲ್ಲ." ಅತ್ತೆ ಕಾಗದವನ್ನು ಹೆಬ್ಬೆರಳಿನಿಂದ ಸವರಿದರು. "ಅವ್ರು ಹೋದಾಗ ಕಣ್ಣೀರು ಹಾಕ್ದೆ ಕಣಮ್ಮ, ಅಳ್ದೆ ಇರ್ತೀನಾ. ಆದ್ರೆ ಮನಸ್ಸಿನ ಒಂದು ಮೂಲೇಲಿ ಅನ್ನಿಸ್ತು, ಇನ್ಮೇಲೆ ನನ್ನ ಬೊಟ್ಟು ನಿಲ್ತೈತೆ ಅಂತ. ಅಂಥಾ ಪಾಪಿ ನಾನು."

ಸುರೇಂದ್ರ ನೆಲ ನೋಡುತ್ತಿದ್ದ. ನನಗೆ ಮಾವನ ಮೇಲೆ ಸಿಟ್ಟು ಬಂತು. ಹೆಂಡತಿಯ ನಂಬಿಕೆಗೆ ನೋವಾಗಬಾರದು ಎಂದು ಬಾಯಿ ಮುಚ್ಚಿಕೊಂಡು ಉಜ್ಜಿದರಂತೆ, ದೊಡ್ಡ ಮನುಷ್ಯ. ಆ ಒಂದು ಮಾತು ಹೇಳಿದ್ದರೆ ಆಕೆ ಅಷ್ಟು ವರ್ಷ ಕುದಿಯುವುದಾದರೂ ತಪ್ಪುತ್ತಿತ್ತು.

ಅತ್ತೆ ಸೆರಗು ಸಿಕ್ಕಿಸಿಕೊಂಡು ಬಾನೆಟ್ಟಿನ ಕೆಳಗೆ ಬಗ್ಗಿದರು.

"ಅಮ್ಮ, ಬೇಡ, ದೇವ್ರು ಅದು" ಎಂದರು ನಮ್ಮ ಮನೆಯವರು.

"ಸುಮ್ಕಿರ್ಲಾ. ಇಟ್ಟೋಳು ನಾನು, ತೆಗ್ಯೋಳೂ ನಾನೇ."

ಗಡ್ಡೆಯನ್ನು ಚೂರುಚೂರಾಗಿ ಬಿಡಿಸಿ, ನೆಲಕ್ಕೆ ಬೀಳದ ಹಾಗೆ ತಟ್ಟೆಯೊಂದರಲ್ಲಿ ಹಿಡಿದು, ತುಳಸಿಯ ಬುಡಕ್ಕೆ ಹಾಕಿಸಿದರು. ಸುರೇಂದ್ರ ಬೋಲ್ಟು ಬಿಚ್ಚಿಕೊಟ್ಟ. ಅತ್ತೆ ಕಾರಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಮಾವನ ಆ ಸವೆದ ಕಾಗದದಲ್ಲೇ ಉಜ್ಜಿದರು. ಹೊಸ ಕಾಗದ ತರುತ್ತೇನೆ ಎಂದು ಸುರೇಂದ್ರ ಹೇಳಿದ್ದು ಅವರಿಗೆ ಕೇಳಿಸಿದಂತಿರಲಿಲ್ಲ. ಕಬ್ಬಿಣ ಬೆಳ್ಳಗೆ ಹೊಳೆಯುವವರೆಗೆ ಉಜ್ಜಿದರು. ಬಿಗಿದ ಮೇಲೆ ನಮ್ಮ ಮನೆಯವರು ಸ್ವಿಚ್ ಒತ್ತಿದರು. ಎರಡೂ ಲೈಟಿನ ಬೆಳಕು ಗೋಡೆಯ ತುಂಬ ಬಿತ್ತು. ಅತ್ತೆ ಅದರ ಮುಂದೆ ನಿಂತು ಮುಖಕ್ಕೆ ಸೆರಗು ಹಿಡಿದುಕೊಂಡು ಅತ್ತರು.

ಸೋಮವಾರ ಬಂದ ರವಿತೇಜನಿಗೆ ಮಜ್ಜಿಗೆ ಕೊಟ್ಟು ಕಳಿಸಿದೆವು. ಅವನು ಕೊನೆಗೆ ಎಲ್ಲಿಂದಲೋ ಒಂದು ಮುರುಕಲು ಎತ್ತಿನಗಾಡಿ ತಂದು ಢಾಬಾದ ಮುಂದೆ ನಿಲ್ಲಿಸಿದ್ದಾನೆ. ಅದಕ್ಕೆ ವೈರಿಂಗಿನ ತಾಪತ್ರಯವಿಲ್ಲ. ನಮ್ಮ ಮನೆಯವರು ಫ್ಯಾಕ್ಟರಿಯಲ್ಲಿ, ಅರ್ತಿಂಗ್ ದೋಷವನ್ನು ತಾವು ಕಂಡುಹಿಡಿದ ಬಗೆಯನ್ನು ಸಾಂಬಾರಿನ ಜೊತೆ ಎಲ್ಲರಿಗೂ ಬಡಿಸಿದ್ದಾರೆಂದು ಕೇಳಿದೆ.

ಆಯುಧಪೂಜೆ ಬಂತು. ಅತ್ತೆ ಏನು ಮಾಡುತ್ತಾರೋ ಎಂದು ಎಲ್ಲರೂ ನೋಡುತ್ತಿದ್ದೆವು. ಬಾನೆಟ್ ಎತ್ತಿಸಿದರು. ಬೋಲ್ಟಿಗೆ ಎಣ್ಣೆ, ಅರಿಶಿನ, ಕುಂಕುಮ ಎಂದಿನಂತೆಯೇ ಇಟ್ಟರು. ನಮ್ಮ ಮನೆಯವರು ನನ್ನ ಮುಖ ನೋಡಿದರು. ನಾನು ಸುಮ್ಮನಿದ್ದೆ, ಯಾಕೆಂದರೆ ನನ್ನದೊಂದು ಲೆಕ್ಕಾಚಾರವಿತ್ತು. ಮಾವನ ಕೆಲಸವನ್ನು ಇನ್ನು ಮೇಲೆ ನಾನು ಮಾಡುವುದು, ಯಾರಿಗೂ ಹೇಳದೆ.

ಮಾರನೆಯ ದಿನ ಬೆಳಿಗ್ಗೆ ಕಲ್ಯಾಣದುರ್ಗಕ್ಕೆ ಹೊರಡುವ ಮೊದಲು ಒಂದು ಉಪ್ಪುಕಾಗದವನ್ನು ಸೆರಗಿನಲ್ಲಿ ಕಟ್ಟಿಕೊಂಡು ಶೆಡ್ಡಿಗೆ ಹೋದೆ. ಬಾನೆಟ್ ಆಗಲೇ ಎತ್ತಿತ್ತು. ಹೊಸ ಸೀರೆ ಉಟ್ಟ ಅತ್ತೆ ಬೋಲ್ಟು ಕೈಯಲ್ಲಿ ಹಿಡಿದು ಉಜ್ಜುತ್ತಿದ್ದರು.

"ನೀನೂ ಕದ್ದು ಬಂದ್ಯಾ?" ಎಂದರು ನನ್ನ ಸೆರಗಿನ ಗಂಟು ನೋಡಿ. "ಈ ಮನೇಲಿ ಒಬ್ರಾದ್ರೂ ಬಾಯಿಬಿಟ್ಟು ಹೇಳಿ ಮಾಡೋದು ಕಲೀರಮ್ಮ. ಬಾ, ಬಿಗಿ ಇದನ್ನ, ನನ್ನ ಕೈಲಿ ಸಕ್ತಿ ಇಲ್ಲ. ಇಡೋದು ನಂದು, ಉಜ್ಜೋದು ಅವ್ರದು ಆಗಿತ್ತು. ಈಗ ಎರಡೂ ನನ್ನ ಪಾಲಿಗೆ ಬಂತು."

ನಾನು ಬಿಗಿದೆ. ಅತ್ತೆ ಬಾನೆಟ್ ಇಳಿಸಿ, ಕೈ ಒರೆಸಿಕೊಂಡು, ಕಾರಿನ ಮುಂದೆ ನಿಂತರು.

"ಸರ್ಯಾಗಿ ಉಜ್ಜಿದ್ದೀನಾ, ನೋಡ್ರಿ" ಎಂದರು.

ನನ್ನನ್ನೇ ಕೇಳಿದರು ಅಂದುಕೊಂಡು ಹೂಂ ಅಂದೆ. ಅವರು ನನ್ನ ಕಡೆ ನೋಡುತ್ತಿರಲಿಲ್ಲ. ಗಾಜಿನ ಆಚೆ ಖಾಲಿ ಇದ್ದ ಡ್ರೈವರ್ ಸೀಟನ್ನು ನೋಡುತ್ತಿದ್ದರು.